ದೀಪ ಕೊಳ್ಳುವ ಮುನ್ನ ಪೆಟ್ಟಿಗೆ ಓದಿ



ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಲಿನ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವಾಟ್. ಇಷ್ಟು ವಿದ್ಯುತ್ತು ನಮ್ಮ ಸೀಮೆಯಲ್ಲೇ ಹುಟ್ಟಿದರೂ ಅದನ್ನು ಹಿತಮಿತವಾಗಿ ಬಳಸುವುದು ನಮ್ಮ ಕೈಯಲ್ಲಿದೆ. ಹಳೆಯ 60 ವಾಟಿನ ತಂತಿ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್ ಬೇಕು. ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುವ 9 ವಾಟಿನ ಎಲ್.ಇ.ಡಿ. ಬಲ್ಬಿಗೆ ಒಂದೂವರೆ ಯೂನಿಟ್ಟೂ ಬೇಡ. ಆದರೆ ಕಂಡದ್ದನ್ನು ಕೊಂಡರೆ ಸಾಲದು. ಪೆಟ್ಟಿಗೆಯ ಮೇಲೆ ಎರಡು ಸಂಗತಿಗಳನ್ನು ನೋಡಬೇಕು.

ಮೊದಲನೆಯದು, ಬೆಳಕಿನ ಬಣ್ಣ. ಕುಲುಮೆಯಲ್ಲಿ ಕಬ್ಬಿಣ ಕಾಯುವುದನ್ನು ನೋಡಿದ್ದೀರಿ. ಮೊದಲು ಕೆಂಪು, ಆಮೇಲೆ ಹಳದಿ, ಇನ್ನೂ ಕಾದರೆ ಬಿಳಿ. ಈ ನಿಯಮವನ್ನೇ ಹಿಡಿದು ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಬರೆಯುತ್ತಾರೆ. 2700 ಎಂದರೆ ಹಳದಿ, 4000 ಎಂದರೆ ಸಾದಾ ಬಿಳಿ, 6500 ಎಂದರೆ ನೀಲಿ ಬೆರೆತ ಬಿಳಿ. ಇದು ಬಣ್ಣದ ಅಳತೆಯೇ ಹೊರತು ಬೆಳಕಿನ ಪ್ರಮಾಣದ್ದಲ್ಲ. ಪ್ರಮಾಣಕ್ಕೆ ಲ್ಯೂಮೆನ್ ಸಂಖ್ಯೆ ನೋಡಿರಿ.

ಮಕ್ಕಳು ಓದುವಲ್ಲಿ, ಅಡುಗೆಮನೆಯಲ್ಲಿ, ಕಾಳು ಹಸನು ಮಾಡುವಲ್ಲಿ 4000 ಒಳ್ಳೆಯದು. ಮಲಗುವ ಕೋಣೆಗೆ 2700 ತನ್ನಿರಿ; ನೀಲಿ ಬೆರೆತ ಬೆಳಕು ನಿದ್ದೆಯನ್ನು ತಡಮಾಡುತ್ತದೆ. ಜಗಲಿಗೂ ಕೊಟ್ಟಿಗೆಗೂ ಹಳದಿಯೇ ಲೇಸು, ಏಕೆಂದರೆ ನೀಲಿ ಬಿಳುಪಿನ ದೀಪಕ್ಕೆ ಹಾರುವ ಹುಳುಗಳು ಹೆಚ್ಚು ಮುತ್ತುತ್ತವೆ.

ಎರಡನೆಯದು, ಬೆಳಕನ್ನು ತಗ್ಗಿಸುವ ಡಿಮ್ಮರು. ಇದರ ವಿಚಾರ ರೇಷ್ಮೆ ಬೆಳೆಗಾರರಿಗೆ ಮುಖ್ಯ. ಹುಳುವಿಗೆ ದಿನಕ್ಕೆ 16 ಗಂಟೆ ಮಂದ ಬೆಳಕು, 8 ಗಂಟೆ ಕತ್ತಲು ಹಿತ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟಾಗ ಒಂದು ಕಡೆಯಿಂದ ಪ್ರಖರ ಬೆಳಕು ಬಿದ್ದರೆ, ಹುಳುಗಳೆಲ್ಲ ಕತ್ತಲಿನ ಕಡೆಗೆ ಸರಿದು ಗುಂಪಾಗುತ್ತವೆ. ಆಗ ಜೋಡಿ ಗೂಡು ಹೆಚ್ಚಿ, ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ತಿಂಗಳ ದುಡಿಮೆ ಕೊನೆಯ ಮೂರು ದಿನಗಳಲ್ಲಿ ಕೆಡಬಾರದು.

ಹಾಗೆಂದು ಹಳೆಯ ಡಿಮ್ಮರಿಗೆ ಎಲ್.ಇ.ಡಿ. ಬಲ್ಬು ಸಿಕ್ಕಿಸಬೇಡಿ. ಆ ಡಿಮ್ಮರು ವಿದ್ಯುತ್ತಿನ ಪ್ರತಿ ಅಲೆಯಲ್ಲೂ ಒಂದು ಭಾಗವನ್ನು ಕತ್ತರಿಸಿ ಕಳಿಸುತ್ತದೆ. ತಂತಿ ಬಲ್ಬು ಅದನ್ನು ತಾಳಿಕೊಳ್ಳುತ್ತದೆ. ಎಲ್.ಇ.ಡಿ. ಒಳಗಿರುವ ಸಣ್ಣ ವಿದ್ಯುತ್ ಮಂಡಲ ತಾಳದು. ದೀಪ ಮಿಣುಕುತ್ತದೆ, ಗುಂಯ್‌ಗುಡುತ್ತದೆ, ಬೇಗ ಸುಡುತ್ತದೆ. ಫ್ಯಾನಿನ ರೆಗ್ಯುಲೇಟರನ್ನಂತೂ ದೀಪಕ್ಕೆ ಜೋಡಿಸಲೇಬಾರದು. ಡಿಮ್ಮರು ಬೇಕೇ ಬೇಕಾದರೆ ಬಲ್ಬಿನ ಪೆಟ್ಟಿಗೆಯ ಮೇಲೆ ‘ಡಿಮ್ಮಬಲ್’ ಎಂದು ಬರೆದಿರಬೇಕು, ಡಿಮ್ಮರೂ ಎಲ್.ಇ.ಡಿ.ಗೆಂದೇ ಮಾಡಿದ್ದಾಗಿರಬೇಕು. ಅಂಗಡಿಯಲ್ಲೇ ಎರಡನ್ನೂ ಜೋಡಿಸಿ, ಪೂರ್ತಿ ತಗ್ಗಿಸಿ, ಮಿಣುಕದಿದ್ದರೆ ಮಾತ್ರ ಕೊಳ್ಳಿರಿ.

ಇದಕ್ಕಿಂತ ಅಗ್ಗದ ದಾರಿಯೂ ಇದೆ. ಎರಡು ಸ್ವಿಚ್ಚು ಹಾಕಿಸಿ: ಸೊಪ್ಪು ಕೊಡುವಾಗ, ಹಾಸಿಗೆ ತೆಗೆಯುವಾಗ 9 ವಾಟಿನದು, ಉಳಿದ ಹೊತ್ತು ಗೋಡೆಗೆ ಮುಖಮಾಡಿದ 3 ವಾಟಿನದು. ಬೆಳಕು ಗೋಡೆಗೆ ತಾಗಿ ಸಮನಾಗಿ ಹರಡುತ್ತದೆ. ಡಿಮ್ಮರಿನ ಖರ್ಚು ಉಳಿಯುತ್ತದೆ.

ಮುಂದಿನ ಸಂತೆಗೆ ಹೋಗುವ ಮುನ್ನ ಮನೆಯ ಒಂದೊಂದು ಕೋಣೆಗೂ ಬೇಕಾದ ವಾಟ್ ಮತ್ತು ಕೆಲ್ವಿನ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಳ್ಳಿರಿ. ಅಂಗಡಿಯಲ್ಲಿ ಚೀಟಿಯನ್ನೂ ಪೆಟ್ಟಿಗೆಯನ್ನೂ ತಾಳೆ ನೋಡಿ, ರಸೀತಿ ಪಡೆದು, ಆಮೇಲೆ ಹಣ ಎಣಿಸಿರಿ.