ಹೊಸ ಪುಸ್ತಕಗಳಲ್ಲಿ ನಮ್ಮ ತಾಲ್ಲೂಕು: ಸರ್ಕಾರಿ ಗ್ರಂಥಾಲಯದಲ್ಲಿ ಶಿಕ್ಷಕರ ಓದು

ಸರ್ಕಾರಿ ಗ್ರಂಥಾಲಯಗಳಿಗೆ ಸಾರ್ವಜನಿಕ ನೀತಿ ಮತ್ತು ಇತಿಹಾಸಗಳನ್ನು ಕುರಿತ ಹೊಸ ಗ್ರಂಥಗಳು ಕಾಲಕಾಲಕ್ಕೆ ಬಂದು ಸೇರುತ್ತವೆ. ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು ಪ್ರದೇಶಗಳ ಕನ್ನಡ ಮಾಧ್ಯಮ ಶಿಕ್ಷಕರಿಗೆ ಇವುಗಳ ಓದು ವಿಶೇಷ ಮಹತ್ವದ್ದು. ಕರ್ನಾಟಕದ ಇತಿಹಾಸವನ್ನು ಹೇಳುವ ಗ್ರಂಥಗಳು ಸಾಮಾನ್ಯವಾಗಿ ಬೀದರ್, ಕಲಬುರಗಿಗಳ ಗಡಿಯಲ್ಲಿ ನಿಲ್ಲುತ್ತವೆ. ತೆಲಂಗಾಣದ ಇತಿಹಾಸವನ್ನು ಹೇಳುವ ಗ್ರಂಥಗಳು ಇಲ್ಲಿಯ ಕನ್ನಡ ಶಾಲೆಯ ಬಾಗಿಲವರೆಗೆ ಬರುವುದು ವಿರಳ. ಈ ಎರಡರ ನಡುವೆ ಉಳಿದುಬಿಡುವ ಭಾಗ ನಮ್ಮದು. ಆದುದರಿಂದ ಹೊಸ ಪುಸ್ತಕವನ್ನು ಕೈಗೆತ್ತಿಕೊಂಡಾಗ ‘ಇದರಲ್ಲಿ ನಮ್ಮ ತಾಲ್ಲೂಕು ಎಲ್ಲಿದೆ?’ ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕು. ಅದಕ್ಕೆ ಉತ್ತರ ಕಂಡುಕೊಳ್ಳುವ ಕ್ರಮವನ್ನು ಈ ಪಾಠದಲ್ಲಿ ಕೆಲವು ಉದಾಹರಣೆಗಳ ಮೂಲಕ ವಿವರಿಸಲಾಗಿದೆ.

1. ವರದಿ ಬೇರೆ, ಕಾಯಿದೆ ಬೇರೆ

ಭಾರತ ಸರ್ಕಾರವು 1953ರ ಡಿಸೆಂಬರಿನಲ್ಲಿ ಫಜಲ್ ಅಲಿ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಹೃದಯನಾಥ ಕುಂಜ್ರು ಮತ್ತು ಕೆ. ಎಂ. ಪಣಿಕ್ಕರ್ ಅದರ ಸದಸ್ಯರು. 1955ರಲ್ಲಿ ಆಯೋಗವು ಸಲ್ಲಿಸಿದ ವರದಿಯು, ತೆಲಂಗಾಣದ ಜಿಲ್ಲೆಗಳೊಡನೆ ಇಡೀ ಬೀದರ್ ಜಿಲ್ಲೆಯನ್ನೂ ಸೇರಿಸಿ ಪ್ರತ್ಯೇಕ ಹೈದರಾಬಾದ್ ರಾಜ್ಯವನ್ನು ರಚಿಸಬೇಕೆಂದು ಸೂಚಿಸಿತ್ತು. ಆದರೆ 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯು ಬೇರೆ ವ್ಯವಸ್ಥೆಯನ್ನು ಮಾಡಿತು. ಬೀದರ್ ಜಿಲ್ಲೆ ಮೂರು ಭಾಗವಾಯಿತು. ಅಹಮದಪುರ, ನಿಲಂಗಾ ಮತ್ತು ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ನಿರ್ಣಾ ಸರ್ಕಲನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಬೀದರ್ ತಾಲ್ಲೂಕಿನ ನ್ಯಾಲ್ಕಲ್ ಸರ್ಕಲ್ ಹಾಗೂ ನಾರಾಯಣಖೇಡ ತಾಲ್ಲೂಕು ಆಂಧ್ರಪ್ರದೇಶದ ಮೇದಕ್ ಜಿಲ್ಲೆಗೆ ಬಂದವು. ಮಿಕ್ಕ ಭಾಗವು ಮೈಸೂರು ರಾಜ್ಯದಲ್ಲಿ ಉಳಿಯಿತು. ಗುಲ್ಬರ್ಗಾ ಜಿಲ್ಲೆಯಿಂದ ಬಂದ ತಾಂಡೂರು ತಾಲ್ಲೂಕು ಹೈದರಾಬಾದ್ ಜಿಲ್ಲೆಯನ್ನೂ, ಕೊಡಂಗಲ್ ತಾಲ್ಲೂಕು ಮಹಬೂಬನಗರ ಜಿಲ್ಲೆಯನ್ನೂ ಸೇರಿದವು.

ಇಲ್ಲಿ ಶಿಕ್ಷಕರು ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, ವರದಿಯನ್ನು ಮಾತ್ರ ಓದಿದವನಿಗೆ ನಡೆದ ಸಂಗತಿ ತಿಳಿಯದು. ಕಾಯಿದೆಯನ್ನು ಮಾತ್ರ ಓದಿದವನಿಗೆ ಅದು ಬೇರೆ ರೀತಿಯಲ್ಲಿಯೂ ನಡೆಯಬಹುದಿತ್ತೆಂಬುದು ತಿಳಿಯದು. ಎರಡನೆಯದು, ಗಡಿಯು ತಾಲ್ಲೂಕಿಗಿಂತ ಚಿಕ್ಕದಾದ ಸರ್ಕಲಿನ ಮಟ್ಟದಲ್ಲಿ ಎಳೆಯಲ್ಪಟ್ಟಿತು. ನಿರ್ಣಾ ಆಚೆಗೆ ಉಳಿದು ನ್ಯಾಲ್ಕಲ್ ಈಚೆಗೆ ಬಂದುದರಿಂದ, ಗಡಿಯ ಎರಡು ಬದಿಯ ಬಂಧುಗಳ ಮಕ್ಕಳು ಬೇರೆ ಬೇರೆ ರಾಜ್ಯಗಳ ಪಠ್ಯಪುಸ್ತಕಗಳನ್ನು ಓದುವಂತಾಯಿತು. ಜಿಲ್ಲೆಗಳ ಹೆಸರುಗಳಲ್ಲಿಯೂ ಎಚ್ಚರ ಬೇಕು. 2016ರ ಅಕ್ಟೋಬರ್ 11ರ ನಂತರ ಜಹೀರಾಬಾದ್ ಮತ್ತು ನಾರಾಯಣಖೇಡ ಸಂಗಾರೆಡ್ಡಿ ಜಿಲ್ಲೆಯಲ್ಲಿಯೂ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿಯೂ ಇವೆ. ಹಳೆಯ ಗ್ರಂಥದ ಸೂಚಿಯಲ್ಲಿ ಇವನ್ನು ಬೀದರ್, ಗುಲ್ಬರ್ಗಾ, ಮೇದಕ್ ಎಂಬ ಹೆಸರುಗಳ ಅಡಿಯಲ್ಲಿ ಹುಡುಕಬೇಕಾಗುತ್ತದೆ.

2. ನೀತಿಯ ಮಾತನ್ನು ತೂಗಿ ನೋಡುವುದು

ಈ ಗಡಿಯು ಜಾರಿಗೆ ಬಂದ 1956ರ ನವೆಂಬರ್ 1ರಂದೇ ಸಂವಿಧಾನದ ಏಳನೆಯ ತಿದ್ದುಪಡಿಯೂ ಜಾರಿಗೆ ಬಂದಿತು. ಅದರಿಂದ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಬೋಧಿಸುವ ಸೌಲಭ್ಯವನ್ನು ಕುರಿತದ್ದು. 350ಬಿ ವಿಧಿಯು ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯನ್ನು ನೇಮಿಸುವುದನ್ನು ಕುರಿತದ್ದು. ಹೀಗೆ ಗಡಿಯೂ ರಕ್ಷಣೆಯೂ ಒಂದೇ ದಿನ ಹುಟ್ಟಿದವು. ಮಕ್ಕಳಿಗೆ ಇವೆರಡನ್ನೂ ಒಟ್ಟಿಗೆ ಹೇಳುವುದು ಉಚಿತ.

ನೀತಿಯ ಗ್ರಂಥಗಳನ್ನು ಓದುವಾಗ ಕ್ರಿಯಾಪದ ಮತ್ತು ಅದಕ್ಕೆ ಅಂಟಿಕೊಂಡಿರುವ ಷರತ್ತುಗಳನ್ನು ಗುರುತು ಮಾಡಿಕೊಳ್ಳಬೇಕು. 350ಎ ವಿಧಿಯು ರಾಜ್ಯವೂ ಸ್ಥಳೀಯ ಪ್ರಾಧಿಕಾರವೂ ಸೌಲಭ್ಯ ಒದಗಿಸಲು ಪ್ರಯತ್ನಿಸಬೇಕೆನ್ನುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಪ್ರಕರಣವು ಬೋಧನಾ ಮಾಧ್ಯಮವು ಕಾರ್ಯಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಾಗಿರಬೇಕೆನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಾಧ್ಯವಿರುವಲ್ಲೆಲ್ಲ ಕನಿಷ್ಠ 5ನೆಯ ತರಗತಿಯವರೆಗೆ, ಮೇಲಾಗಿ 8ನೆಯ ತರಗತಿ ಮತ್ತು ಅದರಾಚೆಗೂ ಮನೆಮಾತಿನಲ್ಲಿ ಬೋಧನೆ ನಡೆಯಲೆಂದು ಹೇಳುತ್ತದೆ. ಪ್ರಯತ್ನ, ಕಾರ್ಯಸಾಧ್ಯತೆ, ಸಾಧ್ಯವಿರುವಲ್ಲಿ: ಈ ಮೂರು ಮಾತುಗಳಲ್ಲಿಯೂ ಕನ್ನಡ ಶಾಲೆಯ ಭವಿಷ್ಯ ಅಡಗಿದೆ. ಇವುಗಳ ಜೊತೆಗೆ ತೆಲಂಗಾಣದ 2018ರ ಕಾಯಿದೆಯನ್ನು ಇಟ್ಟು ನೋಡಿರಿ. ಅದು 1ರಿಂದ 10ನೆಯ ತರಗತಿಯವರೆಗೆ ತೆಲುಗನ್ನು ಒಂದು ವಿಷಯವಾಗಿ ಕಡ್ಡಾಯಗೊಳಿಸಿದೆ. ರಾಜ್ಯದಲ್ಲಿ ಬಾಳಬೇಕಾದ ಮಕ್ಕಳಿಗೆ ತೆಲುಗು ಬೇಕೇ ಬೇಕು. ಆದರೆ ಒಂದು ಭಾಷೆಯನ್ನು ವಿಷಯವಾಗಿ ಕಲಿಯುವುದಕ್ಕೂ ಇನ್ನೊಂದರ ಮೂಲಕ ಎಲ್ಲ ವಿಷಯಗಳನ್ನು ಕಲಿಯುವುದಕ್ಕೂ ಇರುವ ವ್ಯತ್ಯಾಸವನ್ನು ಪೋಷಕರಿಗೆ ತಿಳಿಸಿಕೊಡಬಲ್ಲವರು ಶಿಕ್ಷಕರೇ. ಕಾಯಿದೆಯು ‘ಸಾಧ್ಯವಾದಷ್ಟು’ ಎಂದಾಗ, ಸಾಧ್ಯವೆಂದು ತೋರಿಸುವುದು ದಾಖಲಾತಿಯ ಸಂಖ್ಯೆ, ಪೋಷಕರ ಲಿಖಿತ ಬೇಡಿಕೆ ಮತ್ತು ತರಗತಿಯ ಕಲಿಕೆ.

3. ಒಂದು ಶಾಸನ, ಎರಡು ಇತಿಹಾಸ

ಕರೀಂನಗರ ಜಿಲ್ಲೆಯ ಕುರ್ಕ್ಯಾಲದ ಬಂಡೆಯ ಮೇಲೆ 10ನೆಯ ಶತಮಾನದ ಶಾಸನವೊಂದಿದೆ. ಅದನ್ನು ಹಾಕಿಸಿದವನು ಆದಿಕವಿ ಪಂಪನ ತಮ್ಮ ಜಿನವಲ್ಲಭ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಅದರಲ್ಲಿವೆ. ಪಂಪನ ಆಶ್ರಯದಾತ ಇಮ್ಮಡಿ ಅರಿಕೇಸರಿಯ ವೇಮುಲವಾಡವೂ ಇಂದಿನ ತೆಲಂಗಾಣದಲ್ಲಿಯೇ ಇದೆ. ಕನ್ನಡ ಸಾಹಿತ್ಯ ಚರಿತ್ರೆಗೆ ಈ ಶಾಸನವು ಪಂಪನ ವಂಶವನ್ನು ತಿಳಿಸುವ ಆಧಾರ; ತೆಲುಗು ಸಾಹಿತ್ಯ ಚರಿತ್ರೆಗೆ ಪ್ರಾಚೀನ ಕಂದಪದ್ಯಗಳ ಆಧಾರ. ಎರಡು ಭಾಷೆಗಳ ಗ್ರಂಥಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವ ಶಿಕ್ಷಕನಿಗೆ ಮಾತ್ರ ಶಾಸನದ ಪೂರ್ಣ ಚಿತ್ರ ಸಿಗುತ್ತದೆ. ಕನ್ನಡವು ಈ ನಾಡಿಗೆ ಹೊರಗಿನಿಂದ ಬಂದ ಭಾಷೆಯಲ್ಲವೆಂಬುದಕ್ಕೂ, ಅದು ಇಲ್ಲಿ ತೆಲುಗಿನೊಡನೆ ಕೂಡಿ ಬಾಳಿತೆಂಬುದಕ್ಕೂ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

4. ಗ್ರಂಥಾಲಯವನ್ನು ಬಳಸುವ ಕ್ರಮ

ಡ್ಯೂಯಿ ದಶಮಾಂಶ ವರ್ಗೀಕರಣವಿರುವ ಗ್ರಂಥಾಲಯದಲ್ಲಿ ರಾಜ್ಯಶಾಸ್ತ್ರವನ್ನು 320, ಸಾರ್ವಜನಿಕ ಆಡಳಿತವನ್ನು 350, ಶಿಕ್ಷಣ ನೀತಿಯನ್ನು 379 ಮತ್ತು ಭಾರತದ ಇತಿಹಾಸವನ್ನು 954ರ ಅಡಿಯಲ್ಲಿ ನೋಡಬೇಕು. ನಮ್ಮ ವಿಷಯವು ಒಂದೇ ಕಪಾಟಿನಲ್ಲಿ ಸಿಗುವುದಿಲ್ಲವೆಂಬುದು ಇದರಿಂದ ಸ್ಪಷ್ಟ. 1891ರಲ್ಲಿ ಆಸಫಿಯಾ ಗ್ರಂಥಾಲಯವಾಗಿ ಸ್ಥಾಪಿತವಾದ ಹೈದರಾಬಾದಿನ ರಾಜ್ಯ ಕೇಂದ್ರ ಗ್ರಂಥಾಲಯವು ಅಫ್ಜಲ್‌ಗಂಜ್‌ನಲ್ಲಿದೆ. ಹಳೆಯ ದಾಖಲೆಗಳಿಗಾಗಿ ಅಲ್ಲಿಗೆ ಹೋಗುವುದು ಪ್ರಯೋಜನಕರ. ಜಿಲ್ಲಾ ಗ್ರಂಥಾಲಯ ಸಂಸ್ಥೆಗಳು 1960ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಅಡಿಯಲ್ಲಿ ರೂಪುಗೊಂಡವು. ಮನೆ ತೆರಿಗೆಯೊಡನೆ ಸಂಗ್ರಹವಾಗುವ ಗ್ರಂಥಾಲಯ ಕರವು ಅವುಗಳ ಆದಾಯ. ಈ ಕರವನ್ನು ಕನ್ನಡ ಮನೆಗಳೂ ಕೊಡುತ್ತವೆ. ಆದುದರಿಂದ ಕನ್ನಡ ಗ್ರಂಥಗಳು ಬೇಕೆಂದು ಕೇಳುವುದು ಉಪಕಾರ ಬೇಡಿದಂತಾಗದು. ಗ್ರಂಥದ ಹೆಸರು, ಲೇಖಕ, ಪ್ರಕಾಶಕರ ವಿವರಗಳನ್ನು ಬರೆದು ಗ್ರಂಥಪಾಲಕರಿಗೆ ಕೊಡತಕ್ಕದ್ದು.

5. ಚಟುವಟಿಕೆಗಳು

ಅ. ಊರಿನ ಹೆಸರನ್ನು ಬರೆದು, 1956ಕ್ಕೆ ಮೊದಲು, 1956ರ ನಂತರ ಮತ್ತು 2016ರ ನಂತರ ಅದು ಯಾವ ಜಿಲ್ಲೆಯಲ್ಲಿತ್ತೆಂಬುದನ್ನು ಮಕ್ಕಳಿಂದ ಪಟ್ಟಿ ಮಾಡಿಸಿರಿ.

ಆ. ಒಂದೇ ಘಟನೆಯನ್ನು ಹೇಳುವ ಒಂದು ಕನ್ನಡ ಗ್ರಂಥ ಮತ್ತು ಒಂದು ತೆಲುಗು ಗ್ರಂಥದಿಂದ ತಲಾ ಒಂದು ಪುಟವನ್ನು ಓದಿಸಿ, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಸಂಗತಿಗಳನ್ನು ಗುರುತಿಸಲು ಹೇಳಿರಿ.

ಇ. 350ಎ ವಿಧಿಯ ಆಶಯವನ್ನು ಪೋಷಕರ ಸಭೆಯಲ್ಲಿ ಮಕ್ಕಳೇ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ವಿವರಿಸುವಂತೆ ಸಿದ್ಧಪಡಿಸಿರಿ.