ರಟ್ಟಿನ ಕೈ ಹಿಡಿದು ದೇಹದ ಪಾಠ

1948–49ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ಗ್ರೇ ವಾಲ್ಟರ್ ಎಂಬ ನರವಿಜ್ಞಾನಿ ಎರಡು ಯಂತ್ರದ ಆಮೆಗಳನ್ನು ಕಟ್ಟಿದರು. ಒಂದರ ಹೆಸರು ಎಲ್ಮರ್, ಇನ್ನೊಂದು ಎಲ್ಸಿ. ಬೆಳಕು ಗುರುತಿಸಲು ಒಂದು ಕಣ್ಣು, ಡಿಕ್ಕಿ ಹೊಡೆದದ್ದು ತಿಳಿಯಲು ಅಲುಗಾಡುವ ಚಿಪ್ಪು, ಮಿದುಳಿನ ಜಾಗದಲ್ಲಿ ಎರಡೇ ಎರಡು ರೇಡಿಯೊ ವಾಲ್ವು. ಇಷ್ಟರಲ್ಲೇ ಆ ಆಮೆಗಳು ಬೆಳಕಿನತ್ತ ತೆವಳುತ್ತಿದ್ದವು, ಕುರ್ಚಿಯ ಕಾಲು ಅಡ್ಡ ಬಂದರೆ ಸುತ್ತಿ ಹೋಗುತ್ತಿದ್ದವು, ಬ್ಯಾಟರಿ ಇಳಿದಾಗ ತಮ್ಮ ಗೂಡಿಗೆ ಮರಳುತ್ತಿದ್ದವು. ವಾಲ್ಟರ್‌ಗೆ ಆಟಿಕೆ ಬೇಕಿರಲಿಲ್ಲ. ನರಕೋಶಗಳ ನಡುವೆ ಎಷ್ಟು ಕಡಿಮೆ ಸಂಪರ್ಕವಿದ್ದರೂ ಜೀವಿಯಂಥ ನಡವಳಿಕೆ ಕಾಣಿಸಿಕೊಳ್ಳಬಹುದು ಎಂಬುದನ್ನು ಅವರು ತಿಳಿಯಬೇಕಿತ್ತು.

ನಮ್ಮ ಶಾಲೆಗಳಲ್ಲಿ ಈಗ ನಡೆಯುತ್ತಿರುವುದು ಹೆಚ್ಚಾಗಿ ಇದರ ತಿರುವುಮುರುವು. ನೀತಿ ಆಯೋಗದ ಅಟಲ್ ಇನ್ನೊವೇಷನ್ ಮಿಷನ್ ಅಡಿಯಲ್ಲಿ ದೇಶದ ಸುಮಾರು 10,000 ಶಾಲೆಗಳಲ್ಲಿ, ಆರರಿಂದ ಹನ್ನೆರಡನೇ ತರಗತಿಯವರಿಗಾಗಿ ಟಿಂಕರಿಂಗ್ ಲ್ಯಾಬ್‌ಗಳಿವೆ. ಅಲ್ಲಿ ಮಕ್ಕಳು ಗೆರೆ ಹಿಡಿದು ಓಡುವ ಕಾರು ಮಾಡುತ್ತಾರೆ, ಅಡ್ಡಿ ಕಂಡರೆ ತಿರುಗುವ ಕಾರು ಮಾಡುತ್ತಾರೆ. ಪಕ್ಕದ ಕೊಠಡಿಯಲ್ಲಿ ಅದೇ ಮಕ್ಕಳು ‘ಜೀವಕ್ರಿಯೆಗಳು’ ಪಾಠದ ಹೃದಯದ ಚಿತ್ರಕ್ಕೆ ಕೆಂಪು, ನೀಲಿ ಬಳಿದು, ಭಾಗಗಳ ಹೆಸರು ಉರು ಹೊಡೆಯುತ್ತಾರೆ. ಆ ಎರಡು ಕೊಠಡಿಗಳ ನಡುವಿನ ಗೋಡೆಯಲ್ಲೊಂದು ಬಾಗಿಲು ಮಾಡುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಲ್ಯಾಬ್ ಇಲ್ಲದ ಶಾಲೆಯವರೂ ಓದಬಹುದು. ಅರ್ಧ ಕೆಲಸಕ್ಕೆ ವಿದ್ಯುತ್ತೇ ಬೇಡ.

ಮೊದಲು ಸ್ವಂತ ದೇಹ

ಕಿಟ್ ಪೆಟ್ಟಿಗೆ ಮೊದಲ ದಿನವೇ ತೆರೆಯಬಾರದು. ಮೋಟಾರು ಕಂಡ ಮಕ್ಕಳು ಮತ್ತೆ ದೇಹದ ಕಡೆ ತಿರುಗುವುದು ಕಷ್ಟ. ಒಂದು ಅವಧಿ ಪೂರ್ತಿ ಅವರ ಕೈಯನ್ನೇ ಅವರಿಗೆ ತೋರಿಸಬೇಕು.

ಬಲಗೈಯಿಂದ ಎಡ ಮುಂದೋಳನ್ನು ಹಿಡಿದು, ಎಡಗೈ ಬೆರಳುಗಳನ್ನು ಪಿಯಾನೊ ನುಡಿಸಿದಂತೆ ಆಡಿಸಲು ಹೇಳಿ. ಆಡುವುದು ಬೆರಳು, ಉಬ್ಬಿ ಇಳಿಯುವುದು ಮೊಣಕೈ ಹತ್ತಿರದ ಮಾಂಸ. ಬೆರಳನ್ನು ಮಡಚುವ ಮುಖ್ಯ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂದೋಳಿನಲ್ಲಿವೆ. ಸ್ನಾಯುರಜ್ಜುಗಳೆಂಬ ಹುರಿಗಳು ಮಣಿಕಟ್ಟು ದಾಟಿ ಹೋಗಿ ಬೆರಳ ಮೂಳೆಗಳನ್ನು ಎಳೆಯುತ್ತವೆ. ಒಂದು ಕೈಯಲ್ಲಿ 27 ಮೂಳೆಗಳು. ನಾಲ್ಕು ಬೆರಳುಗಳಿಗೆ ಮೂರು ಮೂರು, ಹೆಬ್ಬೆರಳಿಗೆ ಮಾತ್ರ ಎರಡು. ಪುಸ್ತಕ ನೋಡದೆ ತಡವಿ ಎಣಿಸಲಿ.

ಇನ್ನೊಂದು ಪರೀಕ್ಷೆ ತರಗತಿಯನ್ನೇ ಎಬ್ಬಿಸುತ್ತದೆ. ಮಧ್ಯದ ಬೆರಳನ್ನು ಒಳಕ್ಕೆ ಮಡಚಿ, ಅಂಗೈ ಕೆಳಗಾಗಿ ಮೇಜಿನ ಮೇಲೆ ಊರಬೇಕು. ಉಳಿದ ಬೆರಳುಗಳನ್ನು ಒಂದೊಂದಾಗಿ ಎತ್ತಬೇಕು. ಹೆಬ್ಬೆರಳು, ತೋರುಬೆರಳು, ಕಿರುಬೆರಳು ಏಳುತ್ತವೆ. ಉಂಗುರ ಬೆರಳು ಹೆಚ್ಚಿನವರಿಗೆ ಜಪ್ಪಯ್ಯ ಎಂದರೂ ಏಳುವುದಿಲ್ಲ. ಬೆರಳುಗಳನ್ನು ಚಾಚುವ ಸ್ನಾಯು ಮಧ್ಯದ ಬೆರಳು, ಉಂಗುರ ಬೆರಳು ಎರಡಕ್ಕೂ ಹೆಚ್ಚುಕಡಿಮೆ ಹಂಚಿಕೆಯಾಗಿರುವುದು, ರಜ್ಜುಗಳ ನಡುವೆ ಅಡ್ಡ ಕೊಂಡಿಗಳಿರುವುದು ಇದಕ್ಕೆ ಕಾರಣ. ಇದನ್ನು ನೆನಪಿಟ್ಟುಕೊಳ್ಳಲು ಹೇಳಿ, ಮುಂದೆ ಬೇಕಾಗುತ್ತದೆ.

ಎರಡನೆಯದು ರಟ್ಟಿನ ಕೈ

ದಪ್ಪ ರಟ್ಟಿನ ಮೇಲೆ ಕೈಯಿಟ್ಟು ಗೆರೆ ಎಳೆದು ಕತ್ತರಿಸಿ. ಕೀಲು ಇರುವ ಕಡೆ ಸ್ಕೇಲ್ ಒತ್ತಿ ಮಡಿಕೆ ಮಾಡಿ. ಪ್ರತಿ ಮೂಳೆಯ ಜಾಗಕ್ಕೊಂದು ಕೊಳವೆ ತುಂಡು ಅಂಟಿಸಿ. ಪ್ಲಾಸ್ಟಿಕ್ ಸ್ಟ್ರಾ 2022ರ ಜುಲೈ 1ರಿಂದ ನಿಷೇಧವಾಗಿದೆ. ಕಾಗದದ ಸ್ಟ್ರಾ ಸಾಕು, ಖಾಲಿ ಪೆನ್ನಿನ ಕೊಳವೆ ಇನ್ನೂ ಗಟ್ಟಿ. ಕೊಳವೆ ಮಡಿಕೆಯನ್ನು ದಾಟಬಾರದು, ದಾಟಿದರೆ ಬೆರಳು ಮಡಚುವುದಿಲ್ಲ. ಈ ತಪ್ಪನ್ನು ಮೊದಲೇ ತಿದ್ದದೆ ಒಂದೆರಡು ಗುಂಪಿನವರು ಮಾಡಲು ಬಿಡುವುದೇ ಒಳ್ಳೆಯದು. ಮೂಳೆ ಬಾಗುವುದಿಲ್ಲ, ಬಾಗುವುದು ಕೀಲು ಎಂಬುದನ್ನು ಆಗ ಹೇಳಿಕೊಡಬೇಕಾಗಿಯೇ ಇಲ್ಲ.

ಬೆರಳ ತುದಿಗೆ ನೈಲಾನ್ ದಾರ ಕಟ್ಟಿ ಕೊಳವೆಗಳ ಮೂಲಕ ಮಣಿಕಟ್ಟಿನವರೆಗೆ ತನ್ನಿ. ಎಳೆದರೆ ಬೆರಳು ಮಡಚುತ್ತದೆ. ಬಿಟ್ಟರೆ? ಅಲ್ಲೇ ಮಡಚಿಕೊಂಡು ನಿಲ್ಲುತ್ತದೆ. ‘ಸ್ನಾಯು ಎಳೆಯಬಲ್ಲದು, ತಳ್ಳಲಾರದು’ ಎಂಬ ಪಠ್ಯದ ವಾಕ್ಯ ಇಲ್ಲಿ ಮಕ್ಕಳಿಗೆ ಒಂದು ತೊಡಕಾಗಿ ಎದುರಾಗುತ್ತದೆ. ಪರಿಹಾರವನ್ನು ಅವರೇ ಹುಡುಕಲಿ. ಕೆಲವರು ಕೈಯ ಹಿಂಬದಿಗೆ ರಬ್ಬರ್ ಬ್ಯಾಂಡ್ ಹಾಕುತ್ತಾರೆ, ಕೆಲವರು ಎರಡನೇ ದಾರ. ದೇಹ ಆರಿಸಿಕೊಂಡದ್ದು ಎರಡನೇ ದಾರದ ದಾರಿ: ರಟ್ಟೆಯ ಮುಂದೊಂದು ಸ್ನಾಯು, ಹಿಂದೊಂದು, ಒಂದು ಬಿಗಿದಾಗ ಇನ್ನೊಂದು ಸಡಿಲ.

ಇಷ್ಟು ಆದ ಮೇಲೆ ಮೋಟಾರು. ಶೂನ್ಯದಿಂದ 180 ಡಿಗ್ರಿವರೆಗೆ ತಿರುಗುವ ಚಿಕ್ಕ ಸರ್ವೊ ಮೋಟಾರಿನ ಕಡ್ಡಿಗೆ ದಾರ ಕಟ್ಟಿ, ಆರ್ಡುಯಿನೊ ಎಂಬ ಪುಟ್ಟ ನಿಯಂತ್ರಕ ಬೋರ್ಡಿಗೆ ಜೋಡಿಸಿ. ಸ್ಕ್ರ್ಯಾಚ್ ಮಾದರಿಯಲ್ಲಿ ಬ್ಲಾಕ್ ಜೋಡಿಸುವ ತಂತ್ರಾಂಶವಾದರೆ ಏಳನೇ ತರಗತಿಯವರಿಗೂ ಕಷ್ಟವಿಲ್ಲ. ಮೂರ್ನಾಲ್ಕು ಸರ್ವೊ ಒಟ್ಟಿಗೆ ಎಳೆದಾಗ ಬೋರ್ಡು ಪದೇ ಪದೇ ರೀಸೆಟ್ ಆಗುವುದು ಎಲ್ಲ ಕಡೆ ಕಾಣುವ ತೊಂದರೆ. ಕೋಡ್ ಸರಿಯಿದೆಯೇ ಎಂದು ಗಂಟೆಗಟ್ಟಲೆ ತಡಕಾಡಬೇಡಿ. ವಿದ್ಯುತ್ ಸಾಲುತ್ತಿಲ್ಲ, ಅಷ್ಟೇ. ಮೋಟಾರುಗಳಿಗೆ ನಾಲ್ಕು ಸೆಲ್ಲುಗಳ ಬೇರೆ ಪೆಟ್ಟಿಗೆ ಕೊಟ್ಟು, ಅದರ ಋಣ ತಂತಿಯನ್ನು ಬೋರ್ಡಿನ ಗ್ರೌಂಡ್‌ಗೆ ಸೇರಿಸಿದರೆ ಸರಿಹೋಗುತ್ತದೆ.

ಈಗ ಉಂಗುರ ಬೆರಳಿನ ಪರೀಕ್ಷೆಯನ್ನು ರಟ್ಟಿನ ಕೈಗೆ ಮಾಡಿಸಿ. ಯಂತ್ರ ಸಲೀಸಾಗಿ ಪಾಸಾಗುತ್ತದೆ, ಮನುಷ್ಯ ಫೇಲು. ಹಾಗಾದರೆ ರೋಬಾಟ್ ಕೈಯೇ ಮೇಲೋ? ಕಣ್ಣುಮುಚ್ಚಿ ಮೊಟ್ಟೆಯೊಂದನ್ನು ಒಡೆಯದೆ ಹಿಡಿಯಲು ಎರಡಕ್ಕೂ ಹೇಳಿದರೆ ಚರ್ಚೆ ತಾನಾಗಿ ಸ್ಪರ್ಶದ ಕಡೆಗೆ, ನರಗಳ ಕಡೆಗೆ ಹೊರಳುತ್ತದೆ. ಇಡೀ ಪಾಠದ ತಿರುಳು ಇಂಥ ಕಡೆಯೇ ಇದೆ. ರೋಬಾಟ್ ದೇಹವನ್ನು ಎಲ್ಲಿ ಹೋಲುತ್ತದೆ ಎಂಬುದಕ್ಕಿಂತ, ಎಲ್ಲಿ ಹೋಲುವುದಿಲ್ಲ ಎಂಬುದು ಹೆಚ್ಚು ಕಲಿಸುತ್ತದೆ.

ಕೈ ಮೊದಲು, ನೋವು ಆಮೇಲೆ

ಬಿಸಿ ಕಾವಲಿ ಮುಟ್ಟಿದ ಕೈ ಹಿಂದಕ್ಕೆ ಬರುವ ಆಜ್ಞೆ ಮಿದುಳಿನದಲ್ಲ, ಮಿದುಳುಬಳ್ಳಿಯದು. ನೋವಿನ ಅರಿವು ಮಿದುಳಿಗೆ ತಲುಪುವುದು ಚೂರು ತಡವಾಗಿ. ಪರಾವರ್ತಿತ ಕ್ರಿಯೆಯ ಈ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಬಾರಿ ಬರೆದರೂ ಕಾಲದ ಅಂತರ ಕಾಣುವುದಿಲ್ಲ. ಯಂತ್ರದಲ್ಲಿ ಕಾಣುತ್ತದೆ.

ರಟ್ಟಿನ ತೋಳಿಗೆ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಅಂಟಿಸಿ. ರಟ್ಟಿನ ತಲೆಯಲ್ಲಿ ಒಂದು ಕೆಂಪು ಎಲ್‌ಇಡಿ ಇಡಿ, ಅದು ‘ನೋವು’. ಪ್ರೋಗ್ರಾಂ ಮೂರು ಸಾಲಿನದು: ಎದುರಿನ ವಸ್ತು 10 ಸೆಂ.ಮೀ.ಗಿಂತ ಹತ್ತಿರ ಬಂದರೆ ತೋಳು ಹಿಂದಕ್ಕೆ, ಅರ್ಧ ಸೆಕೆಂಡು ತಡೆ, ಆಮೇಲೆ ದೀಪ. ತೋಳು ಸರಿದ ಮೇಲೆ ದೀಪ ಹೊತ್ತಿಕೊಳ್ಳುವುದನ್ನು ಕಂಡ ಮಕ್ಕಳು ಎರಡನೇ ಸಲ, ಮೂರನೇ ಸಲ ಕೈಯೊಡ್ಡುತ್ತಾರೆ. ನಿಜವಾದ ಅಂತರ ಇದಕ್ಕಿಂತ ಚಿಕ್ಕದು, ಕಾಣಲೆಂದು ಹಿಗ್ಗಿಸಿದ್ದೇವೆ ಎಂದು ಶಿಕ್ಷಕರು ಹೇಳಲೇಬೇಕು. ದೇಹ ಅಳೆಯುವುದು ದೂರವನ್ನಲ್ಲ, ಶಾಖವನ್ನು ಎಂಬುದನ್ನೂ ಹೇಳಬೇಕು.

ಬಳಿಕ ಮನುಷ್ಯರ ವೇಗ ಅಳೆಯಿರಿ. ಒಬ್ಬರು 30 ಸೆಂ.ಮೀ. ಸ್ಕೇಲನ್ನು ಮೇಲಿನಿಂದ ತೂಗಿ ಹಿಡಿದು ಹೇಳದೆ ಬಿಡುವುದು, ಇನ್ನೊಬ್ಬರು ಕೆಳಗೆ ಎರಡು ಬೆರಳ ನಡುವೆ ಹಿಡಿಯುವುದು. 20 ಸೆಂ.ಮೀ. ಜಾರಿದ ಮೇಲೆ ಸಿಕ್ಕಿದರೆ ಸುಮಾರು 0.2 ಸೆಕೆಂಡು ಆಯಿತು ಎಂದು ಅರ್ಥ. ಇದು ಪರಾವರ್ತಿತ ಕ್ರಿಯೆಯಲ್ಲ. ಕಣ್ಣಿನಿಂದ ಮಿದುಳಿಗೆ ಹೋಗಿ ಕೈಗೆ ಬಂದ ಸಂದೇಶ. ಅತಿ ವೇಗದ ನರಗಳಲ್ಲೂ ಸಂದೇಶ ಸೆಕೆಂಡಿಗೆ ಸುಮಾರು 120 ಮೀಟರ್ ಮಾತ್ರ ಓಡುತ್ತದೆ. ತಾಮ್ರದ ತಂತಿಯ ಮುಂದೆ ಅದು ಬಸವನಹುಳು. ನರದ ಸಂದೇಶ ತಂತಿಯೊಳಗಿನ ವಿದ್ಯುತ್ತಿನಂಥದ್ದಲ್ಲ, ರಾಸಾಯನಿಕ ಕಣಗಳು ಪೊರೆಯ ಒಳಹೊರಗೆ ದಾಟುತ್ತ ಸಾಗುವ ಅಲೆ ಎಂಬ ಮಾತಿಗೆ ಇದೇ ಸರಿಯಾದ ಹೊತ್ತು.

ಕಣ್ಣಿನ ಪಾಪೆಗೂ ಇದೇ ಜೋಡಣೆ ಸಾಕು: ಬೆಳಕಿನ ಸೆನ್ಸರ್, ಪಾಪೆಯ ತೆರೆ ಆಡಿಸುವ ಒಂದು ಸರ್ವೊ. ಹೋಲಿಸಿ ನೋಡಲು ಮಕ್ಕಳು ಕನ್ನಡಿ ಹಿಡಿದು, ಕಣ್ಣು ಮುಚ್ಚಿ ತೆರೆದು ತಮ್ಮ ಪಾಪೆ ಕುಗ್ಗುವುದನ್ನು ಗಮನಿಸಲಿ. ಒಬ್ಬರ ಕಣ್ಣಿಗೆ ಇನ್ನೊಬ್ಬರು ಟಾರ್ಚ್ ಬಿಡುವುದು, ಲೇಸರ್ ಹಿಡಿಯುವುದು ಕೂಡದು.

ಹೃದಯಕ್ಕೆ ಲೆಕ್ಕ ಬೇಕು

ವಿಲಿಯಂ ಹಾರ್ವೆ 1628ರಲ್ಲಿ ರಕ್ತ ಪರಿಚಲನೆಯ ಪುಸ್ತಕ ಹೊರತಂದಾಗ ಅವರ ಬಲವಾದ ಸಾಕ್ಷ್ಯವೆಂದರೆ ಒಂದು ಗುಣಾಕಾರ. ಪ್ರತಿ ಬಡಿತಕ್ಕೆ ಇಷ್ಟು ರಕ್ತ ಹೊರಬಿದ್ದರೆ ಗಂಟೆಗೆ ಎಷ್ಟಾಯಿತು? ತಿಂದ ಅನ್ನದಿಂದ ಅಷ್ಟು ರಕ್ತ ಹೊಸದಾಗಿ ಆಗಲು ಸಾಧ್ಯವೇ ಇಲ್ಲ. ಆದ್ದರಿಂದ ಅದೇ ರಕ್ತ ಸುತ್ತುತ್ತಿರಬೇಕು. ತರಗತಿಯಲ್ಲೂ ಹೀಗೇ ಶುರುಮಾಡಿ. ಬಡಿತಕ್ಕೆ ಸುಮಾರು 70 ಮಿ.ಲೀ., ನಿಮಿಷಕ್ಕೆ 70 ಬಡಿತ. ನಿಮಿಷಕ್ಕೆ ಐದು ಲೀಟರ್ ಹತ್ತಿರ, ದಿನಕ್ಕೆ 7,000 ಲೀಟರ್. ದೊಡ್ಡವರ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು ಐದು ಲೀಟರ್.

5 ವೋಲ್ಟ್‌ನ ಚಿಕ್ಕ ನೀರಿನ ಪಂಪನ್ನು ಒಂದು ಬಕೆಟ್ಟಿನಲ್ಲಿ ಮುಳುಗಿಸಿ, ನಿಮಿಷಕ್ಕೆ ಎಷ್ಟು ನೀರು ದಾಟಿಸುತ್ತದೆ ಎಂದು ಅಳತೆ ಮಗ್ಗಿನಿಂದ ಅಳೆಯಿರಿ. ಪಂಪಿನ ವಿದ್ಯುತ್ತನ್ನು ಟ್ರಾನ್ಸಿಸ್ಟರ್ ಅಥವಾ ರಿಲೇ ಮೂಲಕ ಕೊಡಿ, ಬೋರ್ಡಿನ ಪಿನ್ನಿಗೆ ನೇರವಾಗಿ ಬೇಡ. ಮುಂದಿನ ಹಂತದಲ್ಲಿ ಪಂಪು 0.3 ಸೆಕೆಂಡು ಓಡಿ 0.5 ಸೆಕೆಂಡು ನಿಲ್ಲುವಂತೆ ಪ್ರೋಗ್ರಾಂ ಮಾಡಿ. 0.8 ಸೆಕೆಂಡಿಗೊಂದು ಬಡಿತ, ನಿಮಿಷಕ್ಕೆ 75. ವಿಶ್ರಾಂತಿಯಲ್ಲಿರುವ ಹೃದಯ ಹಿಂಡುವುದಕ್ಕಿಂತ ಹೆಚ್ಚು ಹೊತ್ತು ತುಂಬಿಕೊಳ್ಳುತ್ತದೆ ಎಂಬುದು ಅಂಕಿಗಳಲ್ಲೇ ಕಾಣುತ್ತದೆ.

ಕವಾಟಕ್ಕೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಏಕಮುಖ ವಾಲ್ವು ಹೇಳಿ ಮಾಡಿಸಿದಂತಿದೆ. ಸೂಜಿಯಿಲ್ಲದ ಹೊಸ ಸಿರಿಂಜಿಗೆ ಮೂರು ಬಾಯಿಯ ಕೊಳವೆ ಸೇರಿಸಿ, ಒಳಗೆ ಬರುವ ದಾರಿಗೊಂದು, ಹೊರಗೆ ಹೋಗುವ ದಾರಿಗೊಂದು ವಾಲ್ವು ಕೂರಿಸಿದರೆ ಒಂದು ಹೃತ್ಕುಕ್ಷಿ ತಯಾರು. ಒಂದನ್ನು ತಿರುಗಿಸಿ ಜೋಡಿಸಿದರೆ ನೀರು ಮುಂದೆ ಹೋಗುವುದೇ ಇಲ್ಲ. ಸ್ಟೆತಸ್ಕೋಪಿನಲ್ಲಿ ಕೇಳುವ ‘ಲಬ್ ಡಬ್’ ಕವಾಟಗಳು ಮುಚ್ಚುವ ಸದ್ದು ಎಂಬುದನ್ನು ಇಲ್ಲಿ ಸೇರಿಸಿ. ನಾಡಿ ಸೆನ್ಸರ್ ಇದ್ದರೆ ಸರಿ. ಇಲ್ಲದಿದ್ದರೆ ಮಣಿಕಟ್ಟು ಹಿಡಿದು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರಾಯಿತು. ಉಬ್ಬಸ ಅಥವಾ ಹೃದಯದ ತೊಂದರೆಯಿರುವ ಮಕ್ಕಳನ್ನು ಓಡಿಸಿ ನಾಡಿ ನೋಡುವುದು ಬೇಡ. ಸೆನ್ಸರಿನ ಅಂಕಿ ನೋಡಿ ಯಾರಿಗೂ ಕಾಯಿಲೆಯ ಹಣೆಪಟ್ಟಿ ಹಚ್ಚಲೂಬಾರದು.

ಬಿಡಬೇಕಾದ್ದು

ಎಲ್ಲ ಅಂಗವ್ಯೂಹಕ್ಕೂ ರೋಬಾಟ್ ಹುಡುಕುವ ಉಮೇದು ಬೇಡ. ಉಸಿರಾಟಕ್ಕೆ ಬಾಟಲಿಯೊಳಗೆ ಬಲೂನು, ತಳಕ್ಕೆ ವಪೆಯಾಗಿ ಇನ್ನೊಂದು ಬಲೂನಿನ ತುಂಡು ಎಂಬ ಹಳೆಯ ಮಾದರಿಯೇ ಚೆನ್ನ. ಮೋಟಾರು ಅಲ್ಲಿ ಶೋಕಿಯಷ್ಟೇ. ಜೀರ್ಣಾಂಗದ ಮಾತಂತೂ ಬೇರೆಯೇ. ಸಣ್ಣ ಕರುಳು ಆಹಾರವನ್ನು ನೂಕುವ ಬಗೆಯನ್ನು ಮೋಟಾರಿನಿಂದ ತೋರಿಸಬಹುದು, ಆದರೆ ಜೀರ್ಣವಾಗುವುದೆಂದರೆ ರಸಾಯನಶಾಸ್ತ್ರ. ಗಂಜಿಗೆ ಜೊಲ್ಲು ಬೆರೆಸಿ ಸ್ವಲ್ಪ ಹೊತ್ತಿನ ಬಳಿಕ ಅಯೋಡಿನ್ ಹಾಕಿ, ನೀಲಿ ಬಣ್ಣ ಬಾರದಿರುವುದನ್ನು ತೋರಿಸಿದರೆ ಯಾವ ಕಿಟ್ಟೂ ಕೊಡದ ಪಾಠ ಸಿಗುತ್ತದೆ.

ಗುಂಪಿಗೆ ನಾಲ್ಕೇ ಮಕ್ಕಳಿರಲಿ. ಲ್ಯಾಪ್‌ಟಾಪ್ ಒಬ್ಬರ ಕೈಯಲ್ಲೇ ಉಳಿಯದಂತೆ ನೋಡಿಕೊಳ್ಳಿ. ಎಲ್ಲವೂ ಬ್ಯಾಟರಿಯಲ್ಲೇ ನಡೆಯಲಿ, ಗೋಡೆಯ 230 ವೋಲ್ಟ್ ಹತ್ತಿರ ಸುಳಿಯಬಾರದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಈ ಸಾಮಾನುಗಳೆಲ್ಲ ಬಿಡಿಬಿಡಿಯಾಗಿ ಸಿಗುತ್ತವೆ. ದುಬಾರಿ ಸಿದ್ಧ ಕಿಟ್ ಕೊಳ್ಳಬೇಕಾಗಿಲ್ಲ. ಅದೇ ಊರಿನ ನಿಮ್ಹಾನ್ಸ್‌ ಸಂಸ್ಥೆಯಲ್ಲಿ ನಿಜವಾದ ಮಾನವ ಮಿದುಳುಗಳನ್ನು ಸಂರಕ್ಷಿಸಿಟ್ಟ ಸಂಗ್ರಹಾಲಯವಿದೆ, ಅಲ್ಲಿಗೆ ಪ್ರವಾಸ ಹೊರಡುವ ಶಾಲೆಗಳು ಮೊದಲೇ ವಿಚಾರಿಸಿಕೊಳ್ಳಬೇಕು.

ಮೌಲ್ಯಮಾಪನಕ್ಕೆ ರೋಬಾಟ್ ಓಡಿತೋ ಇಲ್ಲವೋ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಡಿ. ‘ನಮ್ಮ ಯಂತ್ರ ದೇಹಕ್ಕಿಂತ ಬೇರೆಯಾಗಿರುವುದು ಎಲ್ಲೆಲ್ಲಿ?’ ಎಂದು ಕೇಳಿ ಪ್ರತಿ ಗುಂಪಿನಿಂದ ಒಂದು ಪುಟ ಬರೆಸಿ, ಅಂಕ ಅದಕ್ಕೆ ಕೊಡಿ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಯಂತ್ರದ ಪಕ್ಕದಲ್ಲಿ ಆ ಪುಟವನ್ನೂ ಅಂಟಿಸಿ. ಬೋರ್ಡು, ಮೋಟಾರು ಇಲ್ಲದ ಶಾಲೆಯವರು ಅನುದಾನಕ್ಕೆ ಕಾಯುತ್ತ ಕೂರಬೇಕಿಲ್ಲ. ರಟ್ಟು, ದಾರ, ಖಾಲಿ ಪೆನ್ನು ಹೊಂದಿಸಿಕೊಂಡು ಮುಂದಿನ ಶನಿವಾರವೇ ಶುರುಮಾಡಬಹುದು.