ಕೊಲೆಸ್ಟ್ರಾಲ್: ನಮಗೂ ಇದೆಯೇ?



ವಾರದ ಸಭೆಯಲ್ಲಿ ಆರೋಗ್ಯದ ಮಾತು ಬಂದರೆ ಯಾರಾದರೊಬ್ಬರು, "ನಾನು ಕಡ್ಡಿ ಹಾಗೆ ಇದ್ದೇನೆ, ನನಗೆಂಥ ಕೊಲೆಸ್ಟ್ರಾಲ್?" ಅನ್ನುವುದುಂಟು. ತೆಳ್ಳಗಿರುವವರಿಗೂ ಅದು ಜಾಸ್ತಿ ಇರಬಹುದು. ಅದರಿಂದ ನೋವಿಲ್ಲ, ಸುಸ್ತಿಲ್ಲ. ರಕ್ತ ಪರೀಕ್ಷೆ ಮಾಡಿಸದೆ ಗೊತ್ತೇ ಆಗುವುದಿಲ್ಲ.

ಕೊಲೆಸ್ಟ್ರಾಲ್ ಎಂಬುದು ಮೇಣದಂಥ ಕೊಬ್ಬಿನ ವಸ್ತು. ವಿಷವೇನಲ್ಲ, ಶರೀರಕ್ಕೆ ಬೇಕು. ಹೆಚ್ಚಿನ ಪಾಲನ್ನು ನಮ್ಮ ಲಿವರೇ ತಯಾರಿಸುತ್ತದೆ. ಅದನ್ನು ಲಿವರಿನಿಂದ ಮೈಗೆಲ್ಲ ಹೊತ್ತೊಯ್ಯುವುದು ಎಲ್‌ಡಿಎಲ್. ಇದು ಹೆಚ್ಚಾದರೆ ರಕ್ತನಾಳದ ಒಳಗೋಡೆಯಲ್ಲಿ ಸೇರಿಕೊಂಡು ದಾರಿ ಕಿರಿದಾಗುತ್ತದೆ. ಮಿಕ್ಕಿದ್ದನ್ನು ವಾಪಸು ತರುವುದು ಎಚ್‌ಡಿಎಲ್. ಬೇರೆ ಕಾಯಿಲೆ ಇಲ್ಲದವರಿಗೆ ಎಲ್‌ಡಿಎಲ್ 100ಕ್ಕಿಂತ ಕಡಿಮೆ, ಹೆಂಗಸರಿಗೆ ಎಚ್‌ಡಿಎಲ್ 50ಕ್ಕಿಂತ ಜಾಸ್ತಿ ಇದ್ದರೆ ಒಳ್ಳೆಯದು.

ಮುಟ್ಟು ನಿಲ್ಲುವವರೆಗೆ ಹೆಣ್ಣಿನ ಹಾರ್ಮೋನು ನಮ್ಮನ್ನು ಸ್ವಲ್ಪ ಕಾಪಾಡುತ್ತದೆ. ನಿಂತ ಮೇಲೆ ಎಲ್‌ಡಿಎಲ್ ಏರತೊಡಗುತ್ತದೆ. ಮಗಳ ಮದುವೆ, ಸಾಲದ ಕಂತು ಅಂತ ನಾವು ಓಡಾಡುವುದೂ ಅದೇ ವಯಸ್ಸಿನಲ್ಲಿ. ಯಜಮಾನರ ಬಿಪಿ ಮಾತ್ರೆ ನೆನಪಿರುತ್ತದೆ, ನಮ್ಮ ಪರೀಕ್ಷೆ ನೆನಪಾಗುವುದಿಲ್ಲ.

ಇನ್ನು ಎಣ್ಣೆಯ ವಿಷಯ. ಪ್ಯಾಕೆಟಿನ ಮೇಲೆ 'ಕೊಲೆಸ್ಟ್ರಾಲ್ ಇಲ್ಲ' ಎಂದು ಬರೆದಿದೆಯೆಂದು ಹೆಚ್ಚು ದುಡ್ಡು ಕೊಡಬೇಡಿ. ಕಡಲೆಕಾಯಿ, ಸೂರ್ಯಕಾಂತಿ, ತೆಂಗು, ಯಾವ ಎಣ್ಣೆಯಲ್ಲೂ ಅದು ಇಲ್ಲವೆಂದೇ ಹೇಳಬೇಕು. ಅದಿರುವುದು ಪ್ರಾಣಿಗಳಿಂದ ಬರುವ ಆಹಾರದಲ್ಲಿ. ಆದರೆ ತೆಂಗಿನೆಣ್ಣೆ, ಪಾಮೆಣ್ಣೆ, ತುಪ್ಪದಲ್ಲಿರುವ ಒಂದು ಬಗೆಯ ಕೊಬ್ಬು ಎಲ್‌ಡಿಎಲ್ ಏರಿಸುತ್ತದೆ. ತೆಂಗು ಬಿಟ್ಟು ಅಡುಗೆ ಮಾಡಿ ಎಂದರೆ ನೀವು ನಗುತ್ತೀರಿ. ಬಿಡುವುದು ಬೇಡ, ಅಳತೆ ಇರಲಿ. ಎಲ್ಲ ಎಣ್ಣೆ ಸೇರಿ ಒಬ್ಬರಿಗೆ ತಿಂಗಳಿಗೆ ಸುಮಾರು ಅರ್ಧ ಲೀಟರ್ ಸಾಕು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಹುರುಳಿ, ಸೊಪ್ಪು, ತರಕಾರಿ ಹೆಚ್ಚಾಗಲಿ. ಬಂಗುಡೆ, ಬೂತಾಯಿ ಹೃದಯಕ್ಕೆ ಒಳ್ಳೆಯದು. ಫ್ರೈಗಿಂತ ಸಾರೇ ಮೇಲು.

ಡಾಕ್ಟರು ಮಾತ್ರೆ ಬರೆದುಕೊಟ್ಟರೆ, ರಿಪೋರ್ಟು ಸರಿ ಬಂತೆಂದು ನೀವಾಗಿಯೇ ನಿಲ್ಲಿಸಬೇಡಿ. ಸರಿ ಬಂದದ್ದು ಮಾತ್ರೆಯಿಂದಲೇ!

ಹೃದಯಾಘಾತದಲ್ಲಿ ಹೆಂಗಸರಿಗೆ ಎದೆನೋವಿನ ಜೊತೆಗೆ, ಕೆಲವೊಮ್ಮೆ ಎದೆನೋವೇ ಇಲ್ಲದೆ, ಉಸಿರು ಕಟ್ಟುವುದು, ವಾಕರಿಕೆ, ದವಡೆ ಅಥವಾ ಬೆನ್ನುನೋವು, ವಿಪರೀತ ಸುಸ್ತು ಬರಬಹುದು. ಗ್ಯಾಸ್ ಎಂದು ಜೀರಿಗೆ ನೀರು ಕುಡಿದು ಮಲಗಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ.

ಸಭೆಯಲ್ಲಿ ಚರ್ಚಿಸಿ: ನಮ್ಮ ಮನೆಯಲ್ಲಿ ಎಷ್ಟು ಜನ? ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ ತರುತ್ತೇವೆ? ನಮ್ಮಲ್ಲಿ 40 ದಾಟಿದವರು ಯಾರೆಲ್ಲ ರಕ್ತ ಪರೀಕ್ಷೆ ಮಾಡಿಸಿದ್ದಾರೆ?